ನಾಲಗೆ ಹೊಲಿದ ಶೂ

ಇಪ್ಪತ್ತೆರಡು ವರ್ಷದಿಂದ ಗೆಂಟ್ ಊರಿನಲ್ಲಿ ಶೂ ಮಾರುತ್ತಿದ್ದೇನೆ.
ಮೂಸಿ ನೋಡಿದವರುಂಟು, ಮಡಚಿ ನೋಡಿದವರುಂಟು,
ಬೆಲೆಚೀಟಿ ತಿರುಗಿಸಿ ಕೆಮ್ಮಿ ಹೊರಟವರುಂಟು.
ಕಿವಿಗೆ ಹಿಡಿದು ಕೇಳಿದ್ದು
ಇವಳೊಬ್ಬಳೇ.

ಗೋಡಲೀವ. ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು.
ಐವತ್ತೆಂಟರಲ್ಲೂ ಕಾಲಿಗೆ ಚಕ್ರ ಕಟ್ಟಿಕೊಂಡು
ಕಾಲುವೆಯ ದಂಡೆಯಿಂದ ಶಾಲೆಗೆ, ಶಾಲೆಯಿಂದ ಚರ್ಚಿನ ನೆಲಮಾಳಿಗೆಗೆ,
ಅಲ್ಲಿಂದ ಯಾರೋ ವಿಧವೆಯ ನಾಲ್ಕನೆಯ ಮಹಡಿಗೆ.
ಬೆನ್ನಿಗೆ ಚರ್ಮದ ಚೀಲ, ಮೈಗೆ ಮಳೆಯಂಗಿ,
ಕಾಲಿಗೆ ಮಾತ್ರ
ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ.
‘ನಗಬೇಡ ರುಸ್ತೆಮ್.’
ನಾನು ನಕ್ಕಿರಲಿಲ್ಲ. ನಗುವುದರಲ್ಲಿದ್ದೆ.

ಇಲ್ಲಿಯ ಮಳೆ ಸುರಿಯುವುದಿಲ್ಲ, ಜೋತಾಡುತ್ತದೆ.
ಮೇಲಿನಿಂದ ಬಿದ್ದದ್ದು ಅಷ್ಟೇನಿಲ್ಲ;
ಮುಂದಿನ ಚಕ್ರ ಕಲ್ಲುಹಾಸಿನಿಂದ ಎತ್ತಿ ಎರಚಿದ್ದೇ
ಬೆರಳ ಸಂದಿಯವರೆಗೂ ಹೋಗುವುದು.

ಮೊದಲು ತಂದೆ, ಅಟ್ಟೆಗೆ ಕಬ್ಬಿಣದ ಕೊಕ್ಕೆಯಿದ್ದದ್ದು.
‘ಇದು ಪಂದ್ಯದವರಿಗೆ. ಇದನ್ನು ಮೆಟ್ಟಿ ಮರದ ನೆಲದ ಮೇಲೆ ನಡೆದರೆ
ನನ್ನ ಕೂಲಿ ನೆಲದ ರಿಪೇರಿಗೇ ಸರಿ.’
ಮೊಣಕಾಲುದ್ದದ ರಬ್ಬರು ಬೂಟು ತಂದೆ.
‘ಮೀನು ಹಿಡಿಯಬಹುದು ಇದರಲ್ಲಿ.’
ದಿಂಬಿನಂಥ ಅಟ್ಟೆಯ ಬಿಳಿಯದು ತಂದೆ.
‘ಇಷ್ಟು ದಪ್ಪವಿದ್ದರೆ ಪೆಡಲು ಗೊತ್ತಾಗುವುದೇ ಇಲ್ಲ.’
ಗೊತ್ತಾಗಬೇಕಾದದ್ದೇನು ಅದರಲ್ಲಿ, ತುಳಿದರಾಯಿತಲ್ಲ, ಎಂದೆ.

‘ಆ ಪೆಡಲಲ್ಲ. ಹಿತ್ತಾಳೆಯದು.
ಬಲಗಾಲಿನ ಕೆಳಗೆ, ತಂತಿಗಳ ಬಾಯಿ ಬಿಡಿಸುವುದು.
ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ,
ಕೂದಲೆಳೆಯಷ್ಟರಲ್ಲಿ ಕಾಲಿಗೆ ತಿಳಿಯಬೇಕು.’

ಬೀದಿಯ ಪೆಡಲಿಗೆ ಗಟ್ಟಿ, ಮನೆಯ ಪೆಡಲಿಗೆ ತೆಳು;
ನೀರಿಗೆ ಕಿವುಡು, ನೆಲಕ್ಕೆ ಮೂಕು;
ದಿವಾನಖಾನೆಯಲ್ಲಿ ಯಾರೂ ತಿರುಗಿ ನೋಡದಂಥದು.
ಗಂಡು ಹುಡುಕುವುದು ಇದಕ್ಕಿಂತ ಸಲೀಸು ಎಂದುಕೊಂಡೆ,
ಹೇಳಲಿಲ್ಲ.

ಒಂದೊಂದನ್ನೂ ಕಿವಿಯ ಪಕ್ಕ ಹಿಡಿದು ಬಗ್ಗಿಸಿದಳು.
ಇದು ಕಿರ್ ಎನ್ನುತ್ತದೆ. ಇದು ಸೀನುತ್ತದೆ.
‘ಇದು ಒಣಗಿದ್ದಾಗ ಸುಮ್ಮನಿದ್ದು ನೆಂದರೆ ಹಾಡುವ ಜಾತಿ. ನೀರು ಕೊಡು.’
ನನ್ನ ಚಹಾದ ಕೆಟಲಿನಿಂದಲೇ ಅಟ್ಟೆ ನೆನೆಸಿ
ಅಂಗಡಿಯ ಹೆಂಚಿನ ಮೇಲೆ ಅತ್ತಿಂದಿತ್ತ ನಡೆದಳು.
ಹಾಡಿತು.
ಸ್ಕೇಟು ಕೊಳ್ಳಲು ಬಂದ ಹುಡುಗ ನೋಡುತ್ತ ನಿಂತುಬಿಟ್ಟ.

ಕೊನೆಗೆ ಕೆಳಗಿನ ಅರೆಯಿಂದ, ಧೂಳು ಊದಿ ತೆಗೆದದ್ದು,
ಹೋದ ವರ್ಷದ ಕಾಫಿಪುಡಿ ಬಣ್ಣದ ಜೋಡಿ.
ಯಾರಿಗೂ ಬೇಡವಾಗಿತ್ತು.
ಲಾಡಿ ಸರಿಸಿ ಬೆರಳಾಡಿಸಿದಳು.
‘ನಾಲಗೆಯನ್ನು ಎರಡೂ ಕಡೆಗೆ ಹೊಲಿದಿದ್ದಾರೆ. ಒಳ್ಳೆಯದು.’
ನನ್ನ ಮುಖ ನೋಡಿದಳು.
‘ಇನ್ನೂ ಕೆಲವರಿಗೆ ಹೊಲಿಯಬೇಕಿತ್ತು.’

ಮಾರುವವನ ಬಾಯಲ್ಲಿ ಬರಬಾರದ ಮಾತು, ಆದರೂ ಅಂದೆ:
ನೀರು ಬಿಟ್ಟುಕೊಳ್ಳದ ಶೂ
ಒಳಹೊಕ್ಕ ನೀರನ್ನೂ ಬಿಟ್ಟುಕೊಡುವುದಿಲ್ಲ.
ಕಣಕಾಲಿನಿಂದ ಇಳಿಯಿತೋ, ಅದೊಂದು ಬಾವಿ.
‘ಪಿಯಾನೋನೂ ಹಾಗೇ,’ ಎಂದಳು ಲಾಡಿ ಬಿಗಿಯುತ್ತ.
‘ಒಮ್ಮೆ ಥಂಡಿ ಹೊಕ್ಕರೆ ಮೂರು ಬೇಸಿಗೆ ಬೇಕು.’

ದುಡ್ಡು ಎಣಿಸಿಟ್ಟಳು. ಬ್ರೆಡ್ಡಿನ ಚೀಲಗಳನ್ನು
ಇಸ್ತ್ರಿ ಮಾಡಿದಂತೆ ಮಡಚಿ ಗಲ್ಲಾದ ಮೇಲೆ ಬಿಟ್ಟಳು:
ಇನ್ನಾರಿಗಾದರೂ ಬೇಕಾದೀತು.

ಸಂಜೆ ಷಟರು ಎಳೆದು ನಾನೂ ಸೈಕಲ್ಲು ಹತ್ತಿದೆ.
ಒದ್ದೆ ಟ್ರಾಮಿನ ಹಳಿಯನ್ನು ನೇರ ಅಡ್ಡಕ್ಕೆ ದಾಟಿ,
ಕಾಲುವೆಯ ಪಕ್ಕ, ದೀಪಗಳ ಕೆಳಗೆ,
ಕಿರ್.
ನನ್ನದೇ ಎಡಗಾಲು. ಸುತ್ತಿಗೊಮ್ಮೆ.
ಎಷ್ಟು ವರ್ಷದಿಂದಲೋ.
ಯಾವ ಸ್ವರವೋ, ಅವಳನ್ನು ಕೇಳಬೇಕು.
ಬ್ರೇಕು ಹಿಡಿದು ನಿಂತೆ. ನಿಂತಿತು.
ಹೊರಟೆ.
ಅದೂ ಹೊರಟಿತು.