ಸಾಲು ಮುರಿದ ಜಾಗ

ಹೆಲ್ತೆರ್‌ಮಾ ಬಂದರಿನ ಟಿಕೆಟ್ ಕಟ್ಟೆಯ ಹಿಂದೆ
ಒಂದು ಕಪಾಟು. ಹಡಗಿನಲ್ಲಿ ಜನ ಮರೆತದ್ದೆಲ್ಲ ಅಲ್ಲಿ:
ಒಂಟಿ ಕೈಗವಸು, ಕನ್ನಡಕ, ಪಿಟೀಲಿನ ಕಮಾನು,
ಹಲ್ಲಿನ ಸೆಟ್ಟು ಕೂಡ, ಒಮ್ಮೆ.
ಕಳಕೊಂಡವರಿಗೆಂದು ಜಾಲದಲ್ಲಿ ನಾನು ಬರೆದ ಫಾರಂ ಇದೆ.
ಹೆಸರು, ಇಮೇಲು, ಏನು ಕಳೆಯಿತು: ಮೂರೇ ಖಾನೆ.
ಒತ್ತಿದರೆ ಕಲ್ಯುವಿನ ಪೆಟ್ಟಿಗೆಗೆ ಒಂದು ಓಲೆ.
ಮೂರು ಖಾನೆಗೆ ಎಂಥ ಕಾವಲು, ಅಂದುಕೊಂಡಿದ್ದೆ.

ಫೆಬ್ರವರಿಯ ಒಂದು ರಾತ್ರಿ, ಕಡಲ ನೀರಿಳಿದು
ಹಡಗು ನಿಂತಿದ್ದಾಗ, ನನ್ನ ಫಾರಂ ಮಾತ್ರ ಓಡಿತು.
ಬೆಳಗಾಗುವಷ್ಟರಲ್ಲಿ ನಾಲ್ಕು ಸಾವಿರ ಓಲೆ
ಬಂದರಿನ ಹೆಸರಲ್ಲಿ, ಯಾರಿಗೆ ಯಾರಿಗೋ:
ಕೂದಲು ಬೆಳೆಸುವ ಎಣ್ಣೆ, ಬಡ್ಡಿಯಿಲ್ಲದ ಸಾಲ.
"ಉರ್ವೆ, ನಾವು ಯಾವಾಗಿಂದ ಎಣ್ಣೆ ಮಾರ್ತೀವಿ?"
ಫೋನಿನಲ್ಲಿ ಕಲ್ಯು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು;
ಬೇಲಿ ಹಾಕಿದವಳು ನಾನು.

ಲಾಗು ತೆರೆದು ನೋಡಿದೆ. ಇಮೇಲಿನ ಖಾನೆಯಲ್ಲಿ ಒಂದು ವಿಳಾಸ,
ಅದರ ಬೆನ್ನಿಗೆ ಕಣ್ಣಿಗೆ ಕಾಣದ ಎರಡಕ್ಷರ:
ಹಳೇ ಟೈಪ್‌ರೈಟರಿನ ಗಾಡಿ ಹಿಂದಕ್ಕೆ ಜಾರುವುದು ಒಂದು,
ಉರುಳೆ ಒಂದು ಹಲ್ಲು ತಿರುಗಿ ಕಾಗದ ಮೇಲೇರುವುದು ಇನ್ನೊಂದು.
ಅಷ್ಟೇ. ಸಾಲು ಮುರಿಯಿತು.
ಮುರಿದ ಸಾಲಿನ ಕೆಳಗೆ ಗುಟ್ಟಿನ ಪ್ರತಿಗಳ ಪಟ್ಟಿ.

ಓಲೆಗೆ ತಲೆ ಬೇರೆ, ಒಡಲು ಬೇರೆ.
ತಲೆಯಲ್ಲಿ ಬರೆದದ್ದು ಆಜ್ಞೆ, ಒಡಲಲ್ಲಿ ಬರೆದದ್ದು ಮಾತು.
ಬಂದವರ ಮಾತನ್ನು ನಾನು ತಲೆಗೇ ಅಂಟಿಸಿದ್ದೆ,
ಒಂದು ಪ್ಲಸ್ ಚಿಹ್ನೆಯ ಗೋಂದಿನಿಂದ.
ಹಣೆಬರಹ ತಿದ್ದಲಾಗದು ಅನ್ನುವವರು
ಇಮೇಲಿನ ಹಣೆ ನೋಡಿಲ್ಲ.

ಅಮ್ಮ ಕ್ಯಾರ್ದ್ಲಾ ಅಂಚೆಕಚೇರಿಯಲ್ಲಿ ಮೊಹರು ಒತ್ತುತ್ತಿದ್ದವಳು.
ಲಕೋಟೆಯ ಮೇಲಿನದನ್ನು ಗಟ್ಟಿಯಾಗಿ ಓದುವಳು,
ಒಳಗಿನದನ್ನು ಬೆಳಕಿಗೂ ಹಿಡಿಯಳು
(ಹಿಡಿಯುವುದಕ್ಕೆ ಆಗ ಬೇರೆಯವರಿದ್ದರು).
ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದದ್ದು
ನನಗೆ ಗೊತ್ತಾಗಲು ನಾಲ್ಕು ಸಾವಿರ ಬೇಕಾಯಿತು.

ಕಲ್ಯು ರಾತ್ರಿಪಾಳಿಯಲ್ಲಿ ಟಿಕೆಟಿನ ಬೆನ್ನಿಗೆ ಪದ್ಯ ಬರೆಯುವವನು.
"ಕಳ್ಳ ಮಾಡಿದ್ದಾದರೂ ಏನು?"
"ಮುರಿಯಬಾರದ ಕಡೆ ಸಾಲು ಮುರಿದ."
ಕಾಫಿ ಕಲಕುತ್ತ ಸುಮ್ಮನಿದ್ದ. ಆಮೇಲೆ:
"ನಾನೂ ಮೂವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ,
ನಾಲ್ಕು ಸಾವಿರ ಬಿಡು, ನಾಲ್ಕು ಮಂದಿಗೆ ಮುಟ್ಟಿಲ್ಲ."

ಆ ದಿನವೆಲ್ಲ ಗೋಂದು ಕೆರೆದೆ.
ಕಳಿಸುವವರು ಇನ್ನು ನಾವೇ, ಬಂದರಿನದೇ ವಿಳಾಸ;
ಯಾರಿಗೆ ಎಂಬುದು ಫಾರಮ್ಮಿನ ಕೈಗೆಟುಕದಂತೆ ಸರ್ವರಿನೊಳಗೆ.
ಬಂದವರ ವಿಳಾಸ ಮರುತ್ತರದ ಸಾಲಿನಲ್ಲಿ ಮಾತ್ರ, ಅದೂ ಸೋಸಿ.
ಓಲೆ ಕಟ್ಟುವ ಕೆಲಸ ಪಳಗಿದ ಲೈಬ್ರರಿಯೊಂದಕ್ಕೆ ಒಪ್ಪಿಸಿದೆ,
ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿ.
ಆ ಎರಡಕ್ಷರ ಕಂಡರೆ ತಿದ್ದುವುದಿಲ್ಲ, ಬಾಗಿಲು ಮುಚ್ಚುತ್ತದೆ.
ಹಾವು ತುಳಿದವಳಿಗೆ ಹಗ್ಗವೂ ಹಾವು:
ಮೂರನೆಯ ಖಾನೆಗೂ ಅದೇ ಬೀಗ ಜಡಿದೆ.

ಗುರುವಾರ ಬಸ್ಸು ಹಿಡಿದು ಬಂದಳು ಒಬ್ಬ ಮುದುಕಿ.
ಹೆಸರು ಲೈನೆ; ನಮ್ಮ ಭಾಷೆಯಲ್ಲಿ ಅಲೆ ಅಂತ ಅರ್ಥ.
"ನಿಮ್ಮ ಕಂಪ್ಯೂಟರು ನನ್ನನ್ನು ಮೂರು ಸಲ ಆಚೆ ಹಾಕಿತು.
ಏನು ತಪ್ಪು ಬರೆದೆ?" ಮೊಬೈಲು ಚಾಚಿದಳು:

ಬೂದು ಕೈಗವಸು, ಎಡಗೈಯದು
ಹೆಬ್ಬೆರಳಿಗೆ ನಾನೇ ತೇಪೆ ಹಾಕಿದ್ದು
ಬಲಗೈಯದು ನನ್ನಲ್ಲೇ ಇದೆ
ಸಿಕ್ಕದಿದ್ದರೂ ತಿಳಿಸಿ

ನಾಲ್ಕು ಸಾಲು. ಮೂರು ಕಡೆ ಮುರಿತ.
ಕಲ್ಯು ಓದಿದ, ಇನ್ನೊಮ್ಮೆ ಓದಿದ, ಕಪಾಟಿನ ಕಡೆ ನಡೆದ.
ನಾನು ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ
ಒಡಲಿನ ಬೀಗ ತೆಗೆದೆ.
ಅಲ್ಲಿ ಎಷ್ಟು ಬೇಕಾದರೂ
ಮುರಿಯಿರಿ.