ಹೆಜ್ಜೆ ಲೆಕ್ಕ

ಐಸು ಕರಗುವ ಮುನ್ನ ಮುಗಿಸಬೇಕು,
ಈ ನೀರಿನ ಮೇಲೆ ಅದೊಂದೇ ನಮ್ಮ ಗಡಿಯಾರ.
ಚಾಡ್ ಸರೋವರ ಎನ್ನುತ್ತದೆ ನಕಾಶೆ.
ಹೋದ ವರ್ಷ ಗುರುತು ಹಾಕಿದ್ದ ನಡುಗಡ್ಡೆ
ಈ ವರ್ಷ ಬರೀ ಜೊಂಡು,
ಊರು ಎತ್ತಲೋ ತೇಲಿಹೋಗಿದೆ
ಆಡು, ಮಡಕೆ, ಮಕ್ಕಳ ಸಮೇತ.

ದೋಣಿ ಕಚಲ್ಲಾನದು.
ತೋಳು ಇಬ್ಬರು ಗಂಡಾಳಿನಷ್ಟು;
ಸೊಂಟದ ಕೆಳಗೆ ಎರಡು ಒಣಕಡ್ಡಿ.
ಅದರ ಕತೆ ಅವನು ಹೇಳಿಲ್ಲ, ನಾನು ಕೇಳಿಲ್ಲ.
ದಡ ಮುಟ್ಟಿದರೆ ಅಂಗೈ ಊರಿ
ಮರಳ ಮೇಲೆ ಸರಿದು ಬರುತ್ತಾನೆ.
ತಾಯಂದಿರು ನೋಡುತ್ತಾರೆ, ಮಾತಿಲ್ಲದೆ
ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತಾರೆ.

ಮೊದಲು ಕೈ ತೊಳೆಯುತ್ತೇನೆ, ಎಲ್ಲರಿಗೂ ಕಾಣುವಂತೆ.
ಸೋಪು ತೀರಿದೆ, ಒಲೆಯ ಬೂದಿಯೇ ಸೈ:
ಬೆರಳ ಸಂದಿ, ಉಗುರ ಬುಡ,
ಅಂಟಿಕೊಂಡ ಮೀನಿನ ಹುರುಪೆ.
"ನೀರ ಮೇಲೇ ಹುಟ್ಟಿದವರಿಗೆ
ಕೈ ತೊಳೆಯೋದು ಕಲಿಸ್ತೀಯಾ?"
ಯಗಾನಾ ಅಜ್ಜಿಗೆ ನಗು.
ದನ ಮೀಯುವುದು ಇದೇ ನೀರಲ್ಲಿ,
ಕೂಸಿನ ಬಟ್ಟೆ ಜಾಲಿಸುವುದು ಇದರಲ್ಲೇ,
ಗಂಜಿಗೂ ಇದೇ.
ವಾದ ಯಾಕೆ? ಅವಳ ಅಂಗೈಗೂ
ಒಂದು ಚಿಟಿಕೆ ಬೂದಿ ಹಾಕಿದೆ.
ತಿಕ್ಕಿದಳು, ಮೂಸಿ ನೋಡಿದಳು.

ಆಮೇಲೆ ಎರಡು ಹನಿ.
ಉಗಿದವನಿಗೆ ಮತ್ತೆರಡು.
ಎಡಗೈ ಕಿರುಬೆರಳಿಗೆ ನೇರಳೆ ಶಾಯಿ.
ಫಲ್ಮಾತಾಳ ಮಗ ಅದನ್ನು ಮೇಲೆತ್ತಿ ಹಿಡಿದು
ಮಧ್ಯಾಹ್ನವಿಡೀ ತಿರುಗಿದ,
ಉಳಿದ ಒಂಬತ್ತಕ್ಕೆ ಹೊಟ್ಟೆಕಿಚ್ಚು ಬರುವಂತೆ.
ಜೊಂಡಿನ ಗೋಡೆಗೆ ಸೀಮೆಸುಣ್ಣ ಹತ್ತುವುದಿಲ್ಲ.
ಮನೆಯ ಲೆಕ್ಕ ನೆಲದ ಮೇಲೆ ಕೋಲಿನಲ್ಲಿ ಬರೆದೆ,
ಕೋಳಿ ಕೆದಕುವ ತನಕ ಬಾಳುವ ಸರ್ಕಾರಿ ಕಡತ.

ಹೊರಡುವಾಗ ಮಕ್ಕಳಿಗೆ ಐಸಿನ ಚೀಲ ಮುಟ್ಟುವ ಸಂಭ್ರಮ.
ಯಗಾನಾ ಅಜ್ಜಿಯೂ ಕೆನ್ನೆಗೆ ಒತ್ತಿಕೊಂಡಳು,
ಬಹಳ ಹೊತ್ತು, ಕಣ್ಣು ಮುಚ್ಚಿ.
"ನಮ್ಮನೇಲಿ ಒಂದೇ ಮಗು" ಅಂದಳು,
ನಾನು ಕೇಳದೆಯೇ.

ದೋಣಿ ಅರ್ಧ ದಾರಿ ಬಂದಿತ್ತು.
ಕಚಲ್ಲಾ ಹುಟ್ಟು ಎತ್ತಿ ಹಿಡಿದ. ನೀರು ತೊಟ್ಟಿಕ್ಕಿತು.
"ಅಜ್ಜಿಯ ಗುಡಿಸಲ ಹಿಂದೆ
ಪುಟ್ಟ ಹೆಜ್ಜೆ ಎರಡು ಜೊತೆ ಇತ್ತು.
ಒಂದು ದೊಡ್ಡದು, ಒಂದು ಇಷ್ಟೇ ಇಷ್ಟು."
ತೋರಿಸಿದ, ಹೆಬ್ಬೆರಳಿನಿಂದ ತೋರುಬೆರಳಿಗೆ.
"ನೀವು ನಿಂತು ನೋಡ್ತೀರಿ.
ನೆಲ ನನಗೆ ಹತ್ತಿರ."

ನನ್ನನ್ನು ಕೇಳಲಿಲ್ಲ ಅವನು.
ದೋಣಿಯ ಮೂತಿ ಆಗಲೇ ಹಿಂದಕ್ಕೆ ತಿರುಗುತ್ತಿತ್ತು.
ಮುಚ್ಚಳ ಸರಿಸಿ ಕೈ ಇಳಿಬಿಟ್ಟೆ:
ಇದೆ, ಇನ್ನೂ ಕೊರೆಯುತ್ತಿದೆ.