ಒಂದರಿಂದ ಹತ್ತು

ಘೋರ್ಪಡಿ ರೈಲ್ವೆ ಗೇಟು ಬಿದ್ದಿತ್ತು.
ಹಿಂದ ಒಬ್ಬ ಬುಲೆಟ್ಟಿನವ
ಹಾರ್ನಿನ ಮ್ಯಾಲಿನ ಬೆರಳು ತಗೀಲೇ ಇಲ್ಲ.
ನಾ ಇಳದೆ. ಸ್ಟ್ಯಾಂಡ್ ಹಾಕಿದೆ. ಹೆಲ್ಮೆಟ್ ತಗದೆ.
ಅದನ್ನ ಹ್ಯಾಂಗ ಹಿಡಕೊಂಡಿದ್ದೆ ಅನ್ನೂದು
ಅವನ ಮಾರಿ ನೋಡಿದ ಮ್ಯಾಲೇ ನನಗ ತಿಳೀತು.

ಆಗ ಕಿಸೇದಾಗ ಫೋನು ನಡುಗಿತು.
ದಿನಾ ಸಂಜಿ ಆರೂವರಿಗೆ ಅದರದು ಒಂದ ಮಾತು,
ಹಿಂದಿಯೊಳಗ, ಬ್ಯಾಂಕಿನ ಹುಡುಗಿ ಹಂಗ:
ಈಗ ನಿಮ್ಮ ಸಿಟ್ಟು ಎಷ್ಟು? ಒಂದರಿಂದ ಹತ್ತು.

ಖಡಕಿ ದವಾಖಾನಿ ಡಾಕ್ಟರಮ್ಮ ಹಾಕಿಕೊಟ್ಟದ್ದು.
ಗುಳಿಗಿ ಬರಕೊಡ್ರಿ ಅಂದ್ರ
ಹವಾಲ್ದಾರ್, ಫೋನ್ ಕೊಡ್ರಿ ಅಂದ್ಲು.
ಇಪ್ಪತ್ತೆರಡು ವರ್ಷ
ಕತ್ತಲದಾಗ ಬಂದೂಕು ಬಿಚ್ಚಿ ಜೋಡಿಸಿದ ಬೆರಳು
ಪಾಸ್‌ವರ್ಡಿಗೆ ಮೂರು ಸಲ ಸೋತವು.

ಒಂದು ನೀಲಿ ಬಳಿ.
ಉಬ್ಬತದ: ತಗೋ. ಕುಗ್ಗತದ: ಬಿಡು.
ಅದರ ನಡುವ ಪರದೆ ಸೀಳೇತಿ, ಹೋದ ದೀಪಾವಳಿಯದು.
ಮ್ಯಾಲಿನ ಮನಿ ಹುಡುಗ ಸುತಳಿ ಬಾಂಬ್ ಹಚ್ಚಿದಾಗ
ಗ್ವಾಡಿಗೆ ಒಗದಿದ್ದೆ.
ಸೀಳಿನಾಗೂ ಉಸುರಾಡತದ, ನನಗಿಂತ ಗಟ್ಟಿ.

ಸಿಟ್ಟಿಗೆ ಕಾರಣ?
ಮನಿ. ಕೆಲಸ. ಟ್ರಾಫಿಕ್. ಇತರೆ.
ನಾ ಯಾವಾಗಲೂ ಇತರೆ ಒತ್ತತೀನಿ.
ಇತರೆ ಅಂದ್ರ ಬಾರಾಮುಲ್ಲಾ ಹಾದ್ಯಾಗ
ಸುಟ್ಟ ರಬ್ಬರಿನ ವಾಸನಿ,
ಅರ್ಧ ಬಿಚ್ಚಿದ ಶೇಂಗಾ ಹೋಳಿಗಿ ಪೊಟ್ಟಣ,
ಉಳದದ್ದು ನಾಳಿಗೆ ಅಂದ ಬಸರಗಿ ಮುದಕಪ್ಪ.
ಹೆಸರಷ್ಟ ಮುದಕಪ್ಪ.
ಇಪ್ಪತ್ತಾರು ತುಂಬಿರಲಿಲ್ಲ.

ಗೇಟು ಎದ್ದಿತು. ಬುಲೆಟ್ಟಿನವ ಹೋಗೇಬಿಟ್ಟ.
ನಾ ನಡು ರಸ್ತೆದಾಗ
ನಾಲ್ಕನೇ ಉಸುರು ಬಿಡಾಕತ್ತಿದ್ದೆ,
ಹಿಂದಿನವರೆಲ್ಲ ಮರಾಠಿಯೊಳಗ ಬೈಯಾಕತ್ತಿದ್ರು.

ರಾತ್ರಿಪಾಳಿ, ಸೊಸೈಟಿ ಗೇಟಿನ ಕ್ಯಾಬಿನ್.
ನಿದ್ದಿಗಣ್ಣಿಲೆ ವಾರದ ಲೆಕ್ಕ ತಗದೆ.
ಆರು, ಏಳು, ನಾಲ್ಕು.
ಮಂಗಳವಾರ ಮಧ್ಯಾಹ್ನ ಎರಡಕ್ಕ: ಒಂಬತ್ತು.
ಆಗ ನಾ ಮನ್ಯಾಗ ಸತ್ತಂಗ ಮಲಗಿದ್ದೆ,
ಫೋನು ಮಾಡದಾಗ ಇತ್ತು.
ಶುಕ್ರವಾರನೂ ಒಂದು, ಅದೇ ಹೊತ್ತಿಗೆ.
ಕಾರಣ: ಮನಿ.

ಮುಂಜಾನೆ ಕಸ್ತೂರಿ ರೊಟ್ಟಿ ಬಡಿಯಾಕತ್ತಿದ್ಲು.
ಜಗತ್ತಿನಾಗ ಆ ಒಂದ ಸಪ್ಪಳಕ್ಕ
ನಾ ಇನ್ನೂ ಬೆಚ್ಚಿಲ್ಲ.
ಏನೂ ಕೇಳಲಿಲ್ಲ. ಲಾಕ್ ತಗದು
ಹಿಟ್ಟಿನ ಪರಾತದ ಬಾಜೂಕ ಫೋನಿಟ್ಟೆ.

ಆಕಿ ನನ್ನ ನೋಡಿದ್ಲು. ಪರದೆ ನೋಡಿದ್ಲು.
ಹಿಟ್ಟಿನ ಬೆರಳಿಲೇ ಒತ್ತಿದ್ಲು: ಐದು.
ಬಿಳಿ ಗುರುತಿನ ಅಡಿಯಾಗ ಬಳಿ ಉಬ್ಬಿತು.

ಹಂಚಿನ ಮ್ಯಾಲಿನ ರೊಟ್ಟಿ
ಸೀದು ಕರ್ರಗಾತು.
ಯಾರೂ ಬೈಯಲಿಲ್ಲ.